ಬೆಟ್ಟದ ದಾರಿಯ ಅಪಾಯಪಟ್ಟಿ

ದೂರದ ಪ್ರಯಾಣ ಹೊರಟವರಿಗೆ ದಾರಿಯಲ್ಲಿ ವಿಚಿತ್ರಗಳು ಎದುರಾಗುತ್ತವಂತೆ. ನನಗೆ ಹೊರಡುವ ಮೊದಲೇ ಎದುರಾಗುತ್ತವೆ. ಸೋಫಾದಲ್ಲಿ ಕೂತು ಮ್ಯಾಪ್ ತೆರೆದರೆ ಸಾಕು, ಎಲ್ಲೋ ಏನೋ ಒಂದು ಶುರುವಾಗುತ್ತದೆ.

ನಾನು ಉಡುಪಿ ಕಡೆಯವನು. ಸೌದಿಯ ಅಲ್ ಖೋಬರಿನಲ್ಲಿ ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಯಾರು ಎಲ್ಲಿಂದ ಬೀಳಬಹುದು, ಯಾರ ತಲೆ ಮೇಲೆ ಏನು ಬೀಳಬಹುದು ಎಂದು ಮೊದಲೇ ಯೋಚಿಸಿ ಬರೆದಿಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವನಿಗೆ ನೆಟ್ಟಗೆ ನಿಂತ ಏಣಿಯೂ ಬಿದ್ದ ಹಾಗೆಯೇ ಕಾಣುತ್ತದೆ.

ನನ್ನ ಹೆಂಡತಿಗೆ ಒಂದೇ ಆಸೆ. ಈ ದೇಶದ ಬೆಟ್ಟ ನೋಡಬೇಕು, ಅದೂ ರಸ್ತೆಯಲ್ಲೇ ಹೋಗಿ. ಖೋಬರಿನ ಸಮುದ್ರ ಬಿಟ್ಟು ಅಬ್ಹಾದ ಬೆಟ್ಟ ಮುಟ್ಟಬೇಕಾದರೆ ಹತ್ತಿರ ಹತ್ತಿರ ಸಾವಿರದ ನಾನೂರು ಕಿಲೋಮೀಟರ್. ನಾಲ್ಕು ವರ್ಷದಲ್ಲಿ ನಾಲ್ಕು ಸಲ ಹೂಂ ಅಂದೆ, ನಾಲ್ಕು ಸಲವೂ ರದ್ದು ಮಾಡಿದೆ. ಒಮ್ಮೆ ಟೈರು, ಒಮ್ಮೆ ಧೂಳು ಗಾಳಿ, ಒಮ್ಮೆ ಮಗಳ ಪರೀಕ್ಷೆ. ಕಾರಣಗಳೆಲ್ಲ ಮುಗಿದಾಗ ಗಟ್ಟಿಯಾದ ಒಂದು ಉಳಿದಿತ್ತು: ಮನೆಯಲ್ಲಿ ಡ್ರೈವರ್ ನಾನೊಬ್ಬನೇ, ಅಷ್ಟು ದೂರ ಒಬ್ಬನೇ ಓಡಿಸುವುದು ಸೇಫ್ಟಿ ಅಲ್ಲ. ನಿಜ ಹೇಳಬೇಕಾದರೆ ಟೈರಿಗೂ ಏನೂ ಆಗಿರಲಿಲ್ಲ. ನನಗೆ ಆ ಖಾಲಿ ರಸ್ತೆ ಅಂದರೆ ಹೆದರಿಕೆ. ಎರಡೂ ಕಡೆ ಮರಳು, ಮೇಲೆ ಬಿಳಿ ಆಕಾಶ, ಗಂಟೆಗಟ್ಟಲೆ ಒಂದು ನರಪಿಳ್ಳೆ ಇಲ್ಲ. ಅದನ್ನು ಹೆಂಡತಿಯ ಹತ್ತಿರ ಹೇಳಲು ಬಾಯಿ ಬರಲಿಲ್ಲ.

ಈ ವರ್ಷ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಶಾಲೆ ಮುಗಿದ ಕೂಡಲೇ ನನಗೆ ಫೈನಲ್ ಎಕ್ಸಿಟ್, ಅಂದರೆ ಕೆಲಸಕ್ಕಿಟ್ಟ ಕಫೀಲನಿಗೆ ಇಕಾಮಾ ಎಂಬ ವಾಸದ ಪರವಾನಗಿ ಒಪ್ಪಿಸಿ ಗಂಟುಮೂಟೆ ಕಟ್ಟಿ ಊರಿಗೆ. ಆಮೇಲೆ ಬೆಟ್ಟ ನೋಡಲು ಇಲ್ಲಿಗೆ ಯಾರು ಬರುತ್ತಾರೆ? ಉಳಿದದ್ದು ಒಂದೇ ರಜೆ. ಹೆಂಡತಿ ಸಿಟ್ಟು ಮಾಡಲಿಲ್ಲ. ಈ ಸಲ ಆಗದಿದ್ದರೂ ಪರವಾಗಿಲ್ಲ, ಇನ್ನು ಕೇಳುವುದಿಲ್ಲ ಎಂದು ಮೆಲ್ಲಗೆ ಹೇಳಿ ಪಾತ್ರೆ ತೊಳೆಯಲು ಹೋದಳು. ಬೈದಿದ್ದರೆ ಒಳ್ಳೆಯದಿತ್ತು. ಆ ಮಾತು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಒಂದು ಫೈಲು ತೆರೆದು ಮೇಲೆ ‘ಅಬ್ಹಾ ಪ್ರಯಾಣ: ಅಪಾಯಪಟ್ಟಿ’ ಎಂದು ಬರೆದೆ.

ಐದು ಕಡೆ ನಿಂತ ಮುದುಕ

ಕೆಲಸಕ್ಕೆ ಇಳಿಯುವ ಮೊದಲು ಅನುಭವ ಇದ್ದವರನ್ನು ವಿಚಾರಿಸಬೇಕು ಎಂಬುದು ನಮ್ಮ ಕಂಪನಿಯ ನಿಯಮ. ಶುಕ್ರವಾರದ ನಮಾಜು ಮುಗಿಸಿ ಊರಿನವರೆಲ್ಲ ಚಹಾಕ್ಕೆ ಸೇರುವ ಕಡೆ ನಾನು ಫೈಲು ಹಿಡಿದು ಹೋದೆ. ದಾರಿ ಹೇಗುಂಟು, ಪೆಟ್ರೋಲ್ ಬಂಕ್ ಎಲ್ಲೆಲ್ಲಿ ಉಂಟು ಎಂದು ಕೇಳಿದೆ. ಅವರು ಅದೊಂದನ್ನು ಬಿಟ್ಟು ಬೇರೆಲ್ಲ ಹೇಳಿದರು.

ಅಬ್ಹಾದ ದಾರಿಯಲ್ಲಿ ವಾದಿ ದವಾಸಿರ್ ಎಂಬ ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಬಿಳಿ ನಿಲುವಂಗಿಯ ಒಬ್ಬ ಮುದುಕ ಕೈ ಎತ್ತಿ ನಿಂತಿರುತ್ತಾನಂತೆ. ಸುತ್ತ ಮನೆಯಿಲ್ಲ, ಮರವಿಲ್ಲ, ಅವನು ಅಲ್ಲಿಗೆ ಹೇಗೆ ಬಂದ ಎಂದು ಯಾರಿಗೂ ತಿಳಿಯದು. ಪಾಪ ಎಂದು ಹತ್ತಿಸಿಕೊಂಡರೆ ಹಿಂದಿನ ಸೀಟಿನಲ್ಲಿ ಕೂರುತ್ತಾನೆ, ಒಂದು ಮಾತಿಲ್ಲ. ಹತ್ತು ಕಿಲೋಮೀಟರ್ ಹೋಗಿ ಕನ್ನಡಿಯಲ್ಲಿ ನೋಡಿದರೆ ಸೀಟು ಖಾಲಿ. ಬೆಲ್ಟು ಮಾತ್ರ ಹಾಕಿದ ಹಾಗೆಯೇ ಇರುತ್ತದಂತೆ. ಕಣ್ಣಾರೆ ಕಂಡವರು ಯಾರು ಎಂದು ಕೇಳಿದೆ. ಎಲ್ಲರಿಗೂ ಸ್ನೇಹಿತನ ಸ್ನೇಹಿತ.

ಹೇಳಿದವರು ಹೇಳಿದ ಜಾಗಕ್ಕೆಲ್ಲ ಮ್ಯಾಪಿನಲ್ಲಿ ಕೆಂಪು ಚುಕ್ಕೆ ಇಡುತ್ತಾ ಹೋದೆ. ಒಂದು ಹಾಯಿಲ್ ರಸ್ತೆಯಲ್ಲಿ, ಒಂದು ಮಕ್ಕಾದ ದಾರಿಯಲ್ಲಿ, ಒಂದು ನಮ್ಮ ಹತ್ತಿರದ ಹೊಫೂಫ್ ಆಚೆ, ಎರಡು ಅಬ್ಹಾ ಕಡೆ. ಒಟ್ಟು ಐದು. ಅದೇ ಮುದುಕ, ಅದೇ ನಿಲುವಂಗಿ. ರಾತ್ರಿಯಲ್ಲ, ಉರಿಬಿಸಿಲಿನ ಮಧ್ಯಾಹ್ನದಲ್ಲಿ ಆ ಚುಕ್ಕೆಗಳನ್ನು ನೋಡುತ್ತಾ ನನ್ನ ಬೆನ್ನು ತಣ್ಣಗಾಯಿತು. ಮಗಳು ಬಗ್ಗಿ ನೋಡಿ ಇವೆಲ್ಲ ಪೆಟ್ರೋಲ್ ಬಂಕಾ ಪಪ್ಪ ಎಂದು ಕೇಳಿದಳು. ಹೌದು ಮಗ ಅಂದೆ.

ಕಡೆಗೆ ಭಟ್ಕಳದ ಹಿರಿಯರೊಬ್ಬರಿಗೆ ತೋರಿಸಿದೆ. ನಾನು ಹುಟ್ಟುವ ಮೊದಲೇ ಎಂಬಷ್ಟು ಹಿಂದೆ ಇಲ್ಲಿಗೆ ಬಂದು ಬಟ್ಟೆ ಅಂಗಡಿ ಇಟ್ಟವರು, ನಮ್ಮ ಕಡೆಯವರಿಗೆಲ್ಲ ಬುದ್ಧಿ ಹೇಳುವವರು. ಕನ್ನಡಕ ಹಣೆಗೇರಿಸಿ ಐದೂ ಚುಕ್ಕೆ ನೋಡಿದರು.

“ಇದು ಸುಳ್ಳು ಮಾರಾಯ. ಕಫೀಲನ ಒಪ್ಪಿಗೆ ಇಲ್ಲದೆ ಐದು ಊರಲ್ಲಿ ಕೆಲಸ ಮಾಡಲಿಕ್ಕೆ ಈ ದೇಶದಲ್ಲಿ ಜಿನ್ನಿಗೂ ಆಗುವುದಿಲ್ಲ.”

ಬಿಸಿ ಚಹಾ, ಮನುಷ್ಯರಿಲ್ಲ

ದೊಡ್ಡ ಕೆಲಸಕ್ಕೆ ಮೊದಲು ಸಣ್ಣದೊಂದು ಪರೀಕ್ಷೆ ಮಾಡಬೇಕು. ಒಂದು ಶನಿವಾರ ಬೆಳಿಗ್ಗೆ ಮೂವರೂ ಹೊಫೂಫ್ ದಾಟಿ ಮರಳುಗಾಡಿನ ರಸ್ತೆಯಲ್ಲಿ ಒಂದು ಗಂಟೆ ಹೋಗಿ ನೋಡಿದೆವು. ಕೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಹೆಂಡತಿ ಅದನ್ನು ನೋಡಿಯೂ ನೋಡದ ಹಾಗೆ ಹೊರಗೆ ನೋಡುತ್ತಿದ್ದಳು.

ಹಳೆಯದೊಂದು ಬಂಕ್ ಸಿಕ್ಕಿತು. ನಾನು ಇಳಿದೆ. ಇಳಿಯುವಾಗ ಅಭ್ಯಾಸಬಲದಿಂದ ಹಳದಿ ಜಾಕೆಟ್ ಹಾಕಿಕೊಂಡೆ, ಫೈಲು ತೆಗೆದುಕೊಂಡೆ. ಪಂಪಿನ ಹತ್ತಿರ ಯಾರೂ ಇಲ್ಲ. ಪಕ್ಕದ ಅಂಗಡಿಯ ಬಾಗಿಲು ತೆರೆದಿತ್ತು, ಎಸಿ ಓಡುತ್ತಿತ್ತು, ಯಾರೂ ಇಲ್ಲ. ಮೇಜಿನ ಮೇಲೆ ನಾಲ್ಕು ಲೋಟ ಚಹಾ, ನಾಲ್ಕರಲ್ಲೂ ಹಬೆ ಏಳುತ್ತಿತ್ತು. ಒಂದು ಲೋಟದ ಪಕ್ಕ ಅರ್ಧ ತಿಂದ ರೊಟ್ಟಿ. ಹಿಂದೆ ಪುಟ್ಟ ಮಸೀದಿ, ಹೊರಗೆ ನಾಲ್ಕು ಜೊತೆ ಚಪ್ಪಲಿ. ಇಣುಕಿದರೆ ಒಳಗೆ ಯಾರೂ ಇಲ್ಲ. ಸಲಾಂ ಹೇಳಿದೆ. ನನ್ನ ಸಲಾಂ ಗೋಡೆಗೆ ಬಡಿದು ನನಗೇ ವಾಪಸು ಬಂತು.

ಆದರೂ ಹತ್ತೊಂಬತ್ತು ವರ್ಷದ ಚಾಳಿ ಬಿಡಬೇಕಲ್ಲ. ಶೌಚಾಲಯ ನೋಡಿ ಬರೆದುಕೊಂಡೆ. ಬೆಂಕಿ ಆರಿಸುವ ಸಿಲಿಂಡರ್ ಎತ್ತಿ ಅದರ ತಾರೀಕು ನೋಡಿ ಬರೆದುಕೊಂಡೆ. ಬರೆಯುತ್ತಾ ಹಿಂದಕ್ಕೆ ಹೋದರೆ ಹಳೆಯ ಟೈರುಗಳ ದೊಡ್ಡ ರಾಶಿ. ರಾಶಿ ಉಸಿರಾಡುತ್ತಿತ್ತು.

ಸುಳ್ಳಲ್ಲ, ಆಣೆ ಮಾಡಿ ಹೇಳುತ್ತೇನೆ. ಮೇಲಿನ ಟೈರು ಏರಿ ಇಳಿಯುತ್ತಿತ್ತು. ಫೈಲನ್ನು ಎದೆಗೆ ಅಡ್ಡ ಹಿಡಿದೆ. ಒಂದು ಟೈರಿನ ತೂತಿನೊಳಗಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ನನ್ನ ಹೆಂಡತಿ ಕಾರಿನಿಂದಲೇ, ಬಂಕ್ ಖಾಲಿ ಇದ್ದರೆ ಮುಂದಿನದಕ್ಕೆ ಹೋಗುವಾ ಎಂದು ಮಲಯಾಳಕ್ಕೆ ಹತ್ತಿರದ ನಮ್ಮ ಮನೆಭಾಷೆಯಲ್ಲಿ ಕೂಗಿದಳು. ಟೈರಿನ ಒಳಗಿನ ಕಣ್ಣು ಅರಳಿತು. ಮಲಯಾಳಿ ಒಬ್ಬ ಎದ್ದು ನಿಂತ. ಅವನ ಹಿಂದೆ ಬಾಂಗ್ಲಾದವರು ಮೂವರು. ನಾಲ್ವರ ಮುಖವೂ ಬಿಳುಚಿಕೊಂಡಿತ್ತು. ಯಾರದ್ದೋ ಇಕಾಮಾ ಮುಗಿದಿತ್ತಂತೆ, ಯಾರದ್ದೋ ಕಫೀಲ್ ಬೇರೆಯಂತೆ. ನನ್ನ ಜಾಕೆಟು, ಫೈಲು ನೋಡಿ ತಪಾಸಣೆಯವರು ಬಂದರು ಎಂದು ಚಹಾ ಬಿಟ್ಟು ಮೊದಲು ಮಸೀದಿಗೆ ನುಗ್ಗಿ, ಅಲ್ಲಿಂದ ಬರಿಗಾಲಲ್ಲಿ ಟೈರಿನ ರಾಶಿಗೆ ಓಡಿದ್ದಾರೆ. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಕ್ಷಮೆ ಕೇಳಿದೆ. ಅವರು ನನಗೇ ಚಹಾ ಕೊಟ್ಟರು.

ಹೊರಡುವಾಗ ಮಲಯಾಳಿ ಹತ್ತಿರ ಬಂದು, ಈ ಬಂಕಿಗೆ ದೆವ್ವ ಉಂಟು ಅಂತ ಜನ ಹೇಳುತ್ತಾರೆ ಸಾರ್, ಅದೆಲ್ಲ ನಾವೇ, ಯಾರ ಹತ್ತಿರವೂ ಹೇಳಬೇಡಿ ಅಂದ.

ಹಾರಿಸ್ ನೋಡಲಿಲ್ಲ

ಆಮೇಲೆ ಶುರುವಾದದ್ದು ನಮ್ಮ ಕಾರಿನದ್ದೇ ಕಥೆ. ನಾನು ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವುದು. ಕಾರು ವಾರದ ಐದು ದಿನ ಮನೆಯ ಕೆಳಗೆ ನೆರಳಲ್ಲಿ ನಿಂತಿರುತ್ತದೆ. ಒಂದು ಗುರುವಾರ ಸಂಜೆ ಬೀಗ ತೆರೆದು ಕೂರಲು ಹೋದೆ, ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಸೀಟು ಮುಂದಕ್ಕೆ ಬಂದಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯ ಬದಲು ನನ್ನ ಹೊಟ್ಟೆ ಕಂಡಿತು.

ಮರೆತಿರಬೇಕು ಎಂದು ಸರಿ ಮಾಡಿದೆ. ಮುಂದಿನ ಗುರುವಾರ ಮತ್ತೆ ಹಾಗೆಯೇ. ಮೂರನೆಯ ಸಲ ಇನ್ನೂ ಒಂದು ಹೆಜ್ಜೆ ಮುಂದೆ: ನಾನು ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸುವವನು. ಯಾವಾಗ ಬೇಕಾದರೂ ಹೊರಡಲು ತಯಾರಿರಬೇಕು, ಅದು ಸೇಫ್ಟಿ. ಅವತ್ತು ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಬಾಗಿಲಿಗೆ ಬೀಗ ಇದ್ದ ಹಾಗೆಯೇ ಇತ್ತು, ಕೀಲಿ ಮನೆಯ ಮೊಳೆಯಲ್ಲಿ ಇದ್ದ ಹಾಗೆಯೇ ಇತ್ತು. ಆ ಕಾರು ನನ್ನನ್ನು ಕಂಡು ಮುಖ ತಿರುಗಿಸಿಕೊಂಡ ಹಾಗೆ ಅನಿಸಿತು.

ಹೆಂಡತಿಗೆ ಹೇಳಲಿಲ್ಲ. ಪಾಪ, ಹೆದರಿಕೊಂಡಾಳು. ಅವಳು ನಾಲ್ಕು ತಿಂಗಳಿಂದ ಬೆಳಿಗ್ಗೆ ಹೊಲಿಗೆ ಕ್ಲಾಸಿಗೆ ಹೋಗುತ್ತಾ ತನ್ನ ಪಾಡಿಗಿದ್ದಳು. ನಾನು ಕೆಳಗೆ ಹೋಗಿ ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರನನ್ನು ಹುಡುಕಿದೆ. ಬಾಂಗ್ಲಾದ ವಯಸ್ಸಾದ ಮನುಷ್ಯ, ಸುಳ್ಳು ಹೇಳುವವನಲ್ಲ. ಅವನ ಎದುರು ನಿಂತು ಗಂಟಲು ಸರಿಮಾಡಿಕೊಂಡೆ. ಅವನು ಆಕಾಶ ನೋಡಿದ, ನೆಲ ನೋಡಿದ, ತಸ್ಬೀಹಿನ ಮಣಿ ಎರಡು ಸುತ್ತು ಎಣಿಸಿದ. ಆಮೇಲೆ, ನಾನು ಏನೂ ನೋಡಲಿಲ್ಲ ಸಾಬ್, ಏನೂ ನೋಡಲಿಲ್ಲ ಅಂದ.

ನಾನು ಇನ್ನೂ ಏನೂ ಕೇಳಿಯೇ ಇರಲಿಲ್ಲ.

ಎರಡು ಕೈ

ರಜೆಗೆ ಒಂಬತ್ತು ದಿನ ಇತ್ತು. ಆಫೀಸಿನಲ್ಲಿ ಕೂತಿದ್ದಾಗ ಫೋನಿಗೆ ಟ್ರಾಫಿಕ್‌ನವರ ಮೆಸೇಜು ಬಂತು. ನಿಮ್ಮ ವಾಹನ ಸಿಗ್ನಲಿನಲ್ಲಿ ಗೆರೆ ದಾಟಿ ನಿಂತಿದೆ, ಇಂದು ಬೆಳಿಗ್ಗೆ ಹತ್ತೂ ಮುಕ್ಕಾಲು, ಸಮುದ್ರ ದಂಡೆಯ ರಸ್ತೆ. ಹತ್ತೂ ಮುಕ್ಕಾಲಿಗೆ ನಾನು ಅದೇ ಕುರ್ಚಿಯಲ್ಲಿ ಕೂತು, ತಲೆ ಮೇಲೆ ಇಟ್ಟಿಗೆ ಬೀಳುವ ಬಗ್ಗೆ ಬರೆಯುತ್ತಿದ್ದೆ.

ಕ್ಯಾಮೆರಾ ತೆಗೆದ ಫೋಟೋ ತೆರೆದೆ. ನಮ್ಮದೇ ಕಾರು, ನಮ್ಮದೇ ನಂಬರು, ಮಗಳು ಅಂಟಿಸಿದ ಬೆಕ್ಕಿನ ಸ್ಟಿಕ್ಕರೂ ಉಂಟು. ದೊಡ್ಡದು ಮಾಡಿ ಡ್ರೈವರಿನ ಸೀಟು ನೋಡಿದೆ. ಬಿಸಿಲು ತಡೆಯುವ ಹಲಗೆ ಇಳಿಸಿತ್ತು. ಅದರ ಕೆಳಗೆ ತಲೆಯಿಲ್ಲ, ಮುಖವಿಲ್ಲ, ಬರೀ ಕಪ್ಪು. ಆ ಕಪ್ಪಿನ ಒಳಗಿಂದ ಎರಡು ಕೈ ಬಂದು ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು.

ನಾನು ಫೋನು ಮಗುಚಿ ಇಟ್ಟೆ. ನೀರು ಕುಡಿದೆ. ಮತ್ತೆ ನೋಡಿದೆ, ಕೈಗಳು ಅಲ್ಲೇ ಇದ್ದವು. ಫೈಲು ತೆರೆದು ಹೊಸ ಸಾಲು ಬರೆದೆ. ಅಪಾಯ: ಕಾರು ತಾನಾಗಿ ಓಡುವುದು. ತೀವ್ರತೆ: ಅತಿ ಹೆಚ್ಚು. ಉಪಾಯ ಎಂಬ ಕಾಲಮಿನಲ್ಲಿ ಏನು ಬರೆಯುವುದು ಎಂದು ಅರ್ಧ ಗಂಟೆ ಕೂತೆ, ಅದು ಖಾಲಿಯೇ ಉಳಿಯಿತು.

ಸಂಜೆ ನೇರ ಭಟ್ಕಳದ ಹಿರಿಯರ ಅಂಗಡಿಗೆ ಹೋಗಿ ಸೀಟು, ಕನ್ನಡಿ, ಗೋಡೆ, ಫೋಟೋ ಎಲ್ಲ ಒಪ್ಪಿಸಿದೆ. ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. ಮನೆಗೆ ಹೋಗಿ ಹೆಂಡತಿಗೆ ತೋರಿಸು ಅಂದರು. ಅವಳು ಹೆದರುತ್ತಾಳೆ ಅಂದೆ. ಹೆದರಲಿ, ತೋರಿಸು ಅಂದರು. ನಾನು ಎದ್ದು ಬಾಗಿಲವರೆಗೆ ಹೋದಾಗ ಹಿಂದಿನಿಂದ ಕರೆದರು.

“ಡ್ರೈವರ್ ನಾನೊಬ್ಬನೇ ಅಂತ ನಾಲ್ಕು ವರ್ಷದಿಂದ ಅಳುತ್ತಿದ್ದಿ. ಈಗ ಇಬ್ಬರಾದಿರಲ್ಲ, ಇನ್ನೆಂತ ತೊಂದರೆ?”

ರೊಟ್ಟಿ ತಣ್ಣಗಾದದ್ದು

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ವಿಷಯ ಎತ್ತಿದೆ. ಈ ಕಾರಿನಲ್ಲಿ ಹೋಗುವುದು ಬೇಡ, ಪ್ರಯಾಣ ರದ್ದು ಅಂದೆ. ಐದನೆಯ ಸಲ. ಅಕ್ಕಿ ರೊಟ್ಟಿ ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಅವಳ ಕಣ್ಣು ತುಂಬಿದ್ದು ನೋಡಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುಮ್ಮನೆ ಹೇಳುತ್ತಿಲ್ಲ, ಗಟ್ಟಿ ಮನಸ್ಸು ಮಾಡಿಕೊಂಡು ಇದನ್ನು ನೋಡು ಎಂದು ಫೋನು ಮುಂದಿಟ್ಟೆ. ಕಿರುಚಿದರೆ ಹಿಡಿದುಕೊಳ್ಳಲು ಎದ್ದು ನಿಂತೆ.

ಅವಳು ನೋಡಿದಳು. ದೊಡ್ಡದು ಮಾಡಿ ನೋಡಿದಳು. ಮಗಳೂ ಬಗ್ಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಕೂರುವಾಗ ಅಡಿಯಲ್ಲಿ ಒಂದು ದಿಂಬು ಇಟ್ಟುಕೋ, ಇಲ್ಲದಿದ್ದರೆ ಬರೀ ಬುರ್ಖಾ ಕಾಣುತ್ತದೆ ಅಂತ ಟೀಚರ್ ಆವತ್ತೇ ಹೇಳಿದ್ದಳು,” ಅಂದಳು ನನ್ನ ಹೆಂಡತಿ.

ಆಮೇಲೆ ಒಳಗೆ ಹೋಗಿ ಲೈಸೆನ್ಸ್ ತಂದು ರೊಟ್ಟಿಯ ತಟ್ಟೆಯ ಪಕ್ಕ ಇಟ್ಟಳು. ಹೊಲಿಗೆ ಕ್ಲಾಸು ಎಂದು ಹೋದದ್ದು ದಮ್ಮಾಮಿನ ಹೆಂಗಸರ ಡ್ರೈವಿಂಗ್ ಶಾಲೆಗೆ. ನಾಲ್ಕು ತಿಂಗಳಲ್ಲಿ ಒಂದು ದಿಂಬಿನ ಚೀಲವೂ ಹೊಲಿದು ಬಾರದಿದ್ದಾಗಲೇ ನನಗೆ ಸಂಶಯ ಬರಬೇಕಿತ್ತು. ಪಾಸಾದ ಮೇಲೆ ದಿನಾ ಹತ್ತು ಗಂಟೆಗೆ ಸಮುದ್ರ ದಂಡೆಗೆ ಹೋಗಿ ಬರುತ್ತಿದ್ದಳು. ಹಾರಿಸ್‌ಗೆ ಬಿರಿಯಾನಿ ಕೊಟ್ಟು ಆಣೆ ಹಾಕಿಸಿದ್ದಳು. ಕಾರು ಗೋಡೆಗೆ ಮುಖ ಮಾಡಿದ್ದು ಯಾಕೆ ಎಂದು ಕೇಳಿದೆ. ನಮ್ಮ ಕಾರಿನ ಹಿಂಭಾಗ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯುವುದಿಲ್ಲ, ದಿನಾ ಹಿಂದೆ ನಿಂತು ಕೈ ತೋರಿಸುವ ಹಾರಿಸ್ ಅವತ್ತು ನಮಾಜಿಗೆ ಹೋಗಿದ್ದ, ಅದಕ್ಕೆ ಮೂಗು ಒಳಗೆ ಮಾಡಿಯೇ ನಿಲ್ಲಿಸಿದೆ ಅಂದಳು. ಹಾಗಾದರೆ ಬೇರೆ ಕಡೆ ನಿಲ್ಲಿಸಿ ಹೊರಗೆ ತೆಗೆಯುವುದು ಹೇಗೆ? ಎದುರಿನ ಕಾರು ಹೋಗುವವರೆಗೆ ಕಾಯುತ್ತಿದ್ದಳಂತೆ. ಒಮ್ಮೆ ದಂಡೆಯಲ್ಲಿ ಎದುರಿನ ಸೌದಿ ಕುಟುಂಬ ಊಟ ಮುಗಿಸಿ ಎದ್ದು ಹೋಗುವವರೆಗೆ ಎರಡು ಗಂಟೆ ಸಮುದ್ರ ನೋಡಿದಳಂತೆ.

“ಈಗ ಹೇಳಿ, ಇನ್ನು ಎಂತ ಕಾರಣ ಉಂಟು?”

ನಾನು ಫೈಲು ತಿರುವಿದೆ. ನಲವತ್ತೊಂದು ಪುಟ. ಒಂದು ಕಾರಣವೂ ಸಿಗಲಿಲ್ಲ. ಅದಕ್ಕೆ ನಿಜ ಹೇಳಿದೆ, ನನಗೆ ಆ ರಸ್ತೆಯ ಹೆದರಿಕೆ ಅಂತ.

“ಗೊತ್ತುಂಟು,” ಅಂದಳು. “ಅದಕ್ಕೇ ಅಲ್ಲವಾ ನಾನು ಕಲಿತದ್ದು.”

ನಾಲ್ಕು ತಿಂಗಳು ನನ್ನ ಮನೆಯಲ್ಲಿ ಓಡಾಡಿದ ದೆವ್ವ ತಣ್ಣಗಾದ ರೊಟ್ಟಿಯನ್ನು ಮತ್ತೆ ಕಾವಲಿಗೆ ಹಾಕಲು ಎದ್ದಿತು.

ಧೂಳಿನಲ್ಲಿ ಎತ್ತಿದ ಕೈ

ಹೊರಟೆವು. ರಿಯಾದಿನಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ದಕ್ಷಿಣಕ್ಕೆ ತಿರುಗಿದೆವು. ಓಡಿಸುತ್ತಿದ್ದವಳು ಅವಳು, ಅಡಿಯಲ್ಲಿ ಎರಡು ದಿಂಬು. ಪಾಳಿ ಪ್ರಕಾರ ಮಧ್ಯಾಹ್ನದಿಂದ ನಾನು ಹಿಡಿಯಬೇಕಿತ್ತು.

ವಾದಿ ದವಾಸಿರ್ ಇನ್ನೂ ದೂರ ಇರುವಾಗ ಧೂಳು ಎದ್ದಿತು. ಮೊದಲು ಆಕಾಶ ಹೋಯಿತು, ಆಮೇಲೆ ಮರಳು, ಕಡೆಗೆ ರಸ್ತೆ. ಹಳದಿ ಮಬ್ಬಿನ ಒಳಗೆ ನಾವು ಮೂವರೇ. ರೇಡಿಯೋ ಕೂಡ ಉಸಿರು ನಿಲ್ಲಿಸಿತು. ಆಗ ಕಂಡಿತು, ಮುಂದೆ, ರಸ್ತೆಯ ನಡುವೆ ಒಂದು ಆಕಾರ. ಕೈ ಎತ್ತಿ ನಿಂತಿತ್ತು. ನಿಲ್ಲಿಸಬೇಡ, ನಿಲ್ಲಿಸಬೇಡ ಎಂದು ಪಿಸುಗುಟ್ಟಿದೆ. ಅವಳು ನಿಧಾನ ಮಾಡಿ, ಸಿಗ್ನಲ್ ಹಾಕಿ, ಪುಸ್ತಕದಲ್ಲಿ ಇರುವ ಹಾಗೆ ನಿಲ್ಲಿಸಿದಳು. ಟ್ರಾಫಿಕ್ ಪೊಲೀಸ್. ಮುಂದೆ ಲಾರಿಯೊಂದು ಮಗುಚಿತ್ತಂತೆ, ಒಂದೊಂದೇ ವಾಹನ ಬಿಡುತ್ತಿದ್ದರು.

ಅವಳ ಲೈಸೆನ್ಸ್, ಕಾರಿನ ಕಾರ್ಡು ಕೇಳಿದ. ನೋಡಿ, ಮಾಶಾ ಅಲ್ಲಾಹ್ ಎಂದು ವಾಪಸು ಕೊಟ್ಟ. ಅಲ್ಲಿಗೆ ಮುಗಿಯುತ್ತಿತ್ತು. ನಾನು ಫೈಲಿನ ಮೊದಲ ಪ್ಲಾಸ್ಟಿಕ್ ಚೀಲದಿಂದ ನನ್ನ ಲೈಸೆನ್ಸನ್ನೂ ತೆಗೆದು ಚಾಚಿದೆ. ಅವನು ಕೇಳಿರಲಿಲ್ಲ. ಅವನು ಅದನ್ನು ನೋಡಿದ, ತಿರುಗಿಸಿ ನೋಡಿದ, ಧೂಳು ಒರೆಸಿ ನೋಡಿದ. ಆಮೇಲೆ ನನ್ನನ್ನು ಬಿಟ್ಟು ಅವಳ ಹತ್ತಿರ ಅರಬಿಯಲ್ಲಿ, ಇವರು ಇವತ್ತು ಓಡಿಸಿದ್ದಾರಾ ಎಂದು ಕೇಳಿದ. ಇಲ್ಲ, ಖೋಬರಿನಿಂದ ನಾನೇ ಅಂದಳು.

“ಒಳ್ಳೆಯದಾಯಿತು. ಇವರ ಲೈಸೆನ್ಸ್ ಮುಗಿದು ಏಳು ತಿಂಗಳಾಗಿದೆ. ಮನೆ ಮುಟ್ಟುವವರೆಗೆ ಸ್ಟಿಯರಿಂಗ್ ಮುಟ್ಟಲು ಬಿಡಬೇಡಿ. ಯಲ್ಲಾ, ಹೊರಡಿ.”

ನಲವತ್ತೊಂದು ಪುಟದಲ್ಲಿ ಟೈರಿನ ತಾರೀಕು ಇತ್ತು, ಜ್ವರದ ಔಷಧಿಯ ತಾರೀಕು ಇತ್ತು, ಬಿಸ್ಕತ್ತಿನ ತಾರೀಕು ಕೂಡ ಇತ್ತು. ಹಿಂದಿನ ಸೀಟಿನಲ್ಲಿ ಮಗಳು ಶಾಲು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಹೆಂಡತಿ ನಗಲಿಲ್ಲ. ಪೊಲೀಸ್ ಧೂಳಿನಲ್ಲಿ ಮರೆಯಾಗುವವರೆಗೆ ಕಾದು, ನನ್ನ ಮಡಿಲಿನಿಂದ ಫೈಲು ತೆಗೆದು ಹಿಂದಕ್ಕೆ ಕೊಟ್ಟಳು. ಅದರ ಜಾಗದಲ್ಲಿ ನೆಲಗಡಲೆಯ ಚೀಲ ಇಟ್ಟಳು. ಸುಲಿದು ಕೊಡಿ, ನಿದ್ದೆ ಬರಬಾರದಲ್ಲ ಅಂದಳು.

ನಾನು ಸುಲಿದೆ. ಧೂಳು ಇಳಿಯಿತು, ಮರಳು ಮುಗಿಯಿತು, ಕಲ್ಲು ಶುರುವಾಯಿತು. ನನಗೆ ಹೆದರಲು ಪುರಸೊತ್ತೇ ಸಿಗಲಿಲ್ಲ, ಒಂದು ಹಿಡಿ ಮುಗಿಯುವಷ್ಟರಲ್ಲಿ ಅವಳ ಕೈ ಮತ್ತೆ ಚಾಚುತ್ತಿತ್ತು. ಸಂಜೆ ಹೊತ್ತಿಗೆ ಒಂದು ತಿರುವಿನಲ್ಲಿ ಅವಳು ಕಾರು ಬದಿಗೆ ನಿಲ್ಲಿಸಿದಳು. ನೋಡಿ, ಬಂತು ಅಂದಾಗ ಅವಳ ದನಿ ಒದ್ದೆಯಾಗಿತ್ತು. ತಲೆ ಎತ್ತಿ ನೋಡಿದೆ. ಗಾಜಿನ ಆಚೆ ಮೋಡ ಹೊದ್ದ ಬೆಟ್ಟ, ಈಚೆ ನನ್ನ ಮಡಿಲಿನಲ್ಲಿ ಗಲ್ಲದವರೆಗೆ ಸಿಪ್ಪೆಯ ಬೆಟ್ಟ, ಇಳಿದು ನೋಡೋಣ ಎಂದರೆ ಎದ್ದೇಳಲು ದಾರಿಯಿಲ್ಲ.